ಯಾರ ಆರು ಗಂಟೆ

ಐಡೆಲ್ಲಾ ಟ್ರಾಮೆಲ್ ಎದುರಿಗೆ ಸಿಕ್ಕವರನ್ನು ಏನೂ ಕೇಳದೆ ಬಿಟ್ಟಿದ್ದನ್ನು ನಮ್ಮ ಲಾನೆಟ್ ಊರಲ್ಲಿ ಯಾರೂ ಕಂಡಿಲ್ಲ. ಅಂಚೆಯವನನ್ನು ನಿಲ್ಲಿಸಿ, ನಾಯಿ ಅಟ್ಟಿಸಿಕೊಂಡು ಬಂದರೆ ಓಡುತ್ತೀಯೋ ನಿಲ್ಲುತ್ತೀಯೋ ಎಂದು ಕೇಳುತ್ತಾಳೆ. ಚರ್ಚಿನಲ್ಲಿ ಪ್ರವಚನ ಮುಗಿಸಿದ ಪಾದ್ರಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಎದುರು ಹೋಗಿ ನಿಂತು, "ಬೈಬಲಲ್ಲಿ ಉಪ್ಪಿನ ಕಂಬ ಆದಳಲ್ಲ ಆ ಲೋಟನ ಹೆಂಡತಿ, ಅವಳಿಗೊಂದು ಹೆಸರು ಯಾಕಿಲ್ಲ?" ಎನ್ನುತ್ತಾಳೆ. ಗಂಡ ಕ್ಲೀವನ್ ತೀರಿಕೊಂಡ ದಿನವೂ ಅಷ್ಟೇ. ಅಳುತ್ತಲೇ ಶವಪೆಟ್ಟಿಗೆಯವನ ಹತ್ತಿರ ಹೋಗಿ, ಮಲಗಿರುವವರಿಗೆ ಟೈ ಕಟ್ಟುವುದು ಎದುರಿನಿಂದಲೋ ತಲೆಯ ಕಡೆಯಿಂದಲೋ ಎಂದು ಕೇಳಿ ತಿಳಿದುಕೊಂಡಳು. ಮೂಗು ಮುರಿದವರು ಮುರಿದರು. ಆದರೆ ನಿಜ ಹೇಳಬೇಕೆಂದರೆ, ಉತ್ತರ ಏನಂತೆ ಎಂದು ಆಮೇಲೆ ಅವಳನ್ನು ಗುಟ್ಟಾಗಿ ವಿಚಾರಿಸಿದವರೂ ಅವರೇ.

ಮದುವೆಗೆ ಮುಂಚಿನಿಂದ ಊರಿನ ಬಟ್ಟೆ ಗಿರಣಿ ಮುಚ್ಚುವ ತನಕ ಅವಳು ಮಗ್ಗದ ಮುಂದೆ ನಿಂತವಳು. ಗಿರಣಿ ಇದ್ದದ್ದು ನಮ್ಮೂರಿರುವ ಅಲಬಾಮಾ ರಾಜ್ಯದಲ್ಲಿ, ಅದರ ದೊಡ್ಡ ಆಫೀಸು ಇದ್ದದ್ದು ಬೀದಿ ದಾಟಿದರೆ ಸಿಗುವ ಜಾರ್ಜಿಯಾ ರಾಜ್ಯದಲ್ಲಿ. ಜಾರ್ಜಿಯಾದ ಗಡಿಯಾರ ಅಲಬಾಮಾಕ್ಕಿಂತ ಒಂದು ಗಂಟೆ ಮುಂದು. ಗಿರಣಿಯ ಸಿಳ್ಳೆ ಆಫೀಸಿನ ಗಂಟೆಗೆ ಕೂಗುತ್ತಿತ್ತು, ಸಿಳ್ಳೆ ಕೂಗಿದಾಗ ಊರು ಏಳುತ್ತಿತ್ತು. ಹಾಗಾಗಿ ಸರ್ಕಾರ ಏನೇ ಹೇಳಲಿ, ನಮ್ಮೂರಿನ ಗೋಡೆಗಳ ಮೇಲೆಲ್ಲ ಜಾರ್ಜಿಯಾದ ಗಂಟೆಯೇ. ಗಿರಣಿ ಹೋಯಿತು, ಸಿಳ್ಳೆ ಹೋಯಿತು, ಗಂಟೆ ಮಾತ್ರ ಉಳಿಯಿತು. ಅದಕ್ಕೆ ನಾವು ಬೇಗದ ಗಂಟೆ ಎನ್ನುತ್ತೇವೆ. ಊರಾಚೆ ಶುರುವಾಗುವ ಅಲಬಾಮಾದ ಸ್ವಂತ ಗಂಟೆಗೆ ನಿಧಾನದ ಗಂಟೆ ಎನ್ನುತ್ತೇವೆ. ಹಲ್ಲು ಕೀಳಿಸುವುದಕ್ಕಿರಲಿ, ಹೆಣ್ಣು ಕೇಳುವುದಕ್ಕಿರಲಿ, ಯಾರಾದರೂ ಇಂಥ ಹೊತ್ತಿಗೆ ಬಾ ಅಂದರೆ ಇಲ್ಲಿಯವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಬೇಗದ್ದೋ, ನಿಧಾನದ್ದೋ?"

ಈ ಒಂದು ಮಾತನ್ನು ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಹೋದದ್ದರಿಂದ ಆದ ರಾದ್ಧಾಂತ ಇದು.

ಒಬ್ಬ ಐಡೆಲ್ಲಾಳ ಮಗ ವೆಂಡೆಲ್. ಇನ್ನೊಬ್ಬಳು ಅವನ ಹೆಂಡತಿಯಾಗಿದ್ದ ಕೆಂಡ್ರಾ, ಪಕ್ಕದ ವ್ಯಾಲಿ ಊರಿನ ಹುಡುಗಿ. ಇಬ್ಬರೂ ಬೇಗದ ಗಂಟೆಯಲ್ಲೇ ಹುಟ್ಟಿ ಬೆಳೆದವರು. ಮದುವೆ ಮುರಿದ ಮೇಲೆ ಕೆಂಡ್ರಾ ಮಗಳು ಜೋಸ್ಲಿನ್‌ಳನ್ನು ಕರೆದುಕೊಂಡು ಜಾರ್ಜಿಯಾದ ಲಗ್ರೇಂಜಿಗೆ ಹೋದಳು, ಅಲ್ಲಿ ಆಸ್ಪತ್ರೆಯಲ್ಲಿ ಕೆಲಸ. ವೆಂಡೆಲ್ ಮಾಂಟ್‌ಗಮರಿಗೆ ಹೋದ, ಅಲ್ಲಿ ಬಸ್ಸುಗಳ ಷೆಡ್ಡಿನಲ್ಲಿ ಕೆಲಸ. ಅದು ನಿಧಾನದ ಗಂಟೆಯ ಊರು. ವಿಚ್ಛೇದನ ಕೊಟ್ಟ ಅಲಬಾಮಾದ ಕೋರ್ಟು ಹೇಳಿದ್ದು ಇಷ್ಟು: ಮಗು ತಾಯಿಯ ಹತ್ತಿರ ಇರಲಿ. ವಾರ ಬಿಟ್ಟು ವಾರ, ಶುಕ್ರವಾರ ಸಂಜೆ ಆರಕ್ಕೆ ಅಜ್ಜಿಯ ಮನೆಯಲ್ಲಿ ತಾಯಿ ಮಗುವನ್ನು ಬಿಡಲಿ, ತಂದೆ ಕರೆದುಕೊಂಡು ಹೋಗಲಿ. ಭಾನುವಾರ ಸಂಜೆ ಆರಕ್ಕೆ ಅಲ್ಲೇ ತಂದೆ ತಂದು ಬಿಡಲಿ, ತಾಯಿ ಕರೆದುಕೊಂಡು ಹೋಗಲಿ.

ಮೊದಲ ಶುಕ್ರವಾರ ಕೆಂಡ್ರಾ ಆರಕ್ಕೆ ಬಂದಳು. ವೆಂಡೆಲ್ ಕೂಡ ಆರಕ್ಕೇ ಬಂದ, ಆದರೆ ಅಷ್ಟು ಹೊತ್ತಿಗೆ ಐಡೆಲ್ಲಾಳ ಗೋಡೆ ಗಡಿಯಾರ ಏಳು ತೋರಿಸುತ್ತಿತ್ತು.

"ಮೊದಲನೇ ದಿನಾನೇ ಒಂದು ಗಂಟೆ ಕಾಯಿಸಿದ್ಯಲ್ಲ, ಮಹಾನುಭಾವ!" ಎಂದಳು ಕೆಂಡ್ರಾ ಮೆಟ್ಟಿಲ ಮೇಲೆ ನಿಂತು.

"ನನ್ನ ವಾಚಲ್ಲಿ ಸರಿಯಾಗಿ ಆರು."

"ಈ ಮನೇಲಿ ಯಾವ ಗಂಟೆ ನಡೆಯುತ್ತೆ ಅಂತ ನಿನಗೆ ಗೊತ್ತಿಲ್ವಾ? ಇಲ್ಲೇ ತಾನೇ ನೀನು ತೊಟ್ಟಿಲಲ್ಲಿ ಮಲಗಿದ್ದು?"

"ಆರ್ಡರ್ ಕೊಟ್ಟಿದ್ದು ಅಲಬಾಮಾ. ಅಲಬಾಮಾದ ಆರು ಅಂದ್ರೆ ಇದೇ. ನಾನು ಕೆಲಸ ಬಿಟ್ಟು ಹಾರಿಕೊಂಡು ಬಂದ್ರೂ ಇದಕ್ಕಿಂತ ಮುಂಚೆ ಬರೋಕಾಗಲ್ಲ."

"ಹಾರ್ಬೇಡ. ಫೋನ್ ಮಾಡಿ ಹೇಳೋಕೆ ಏನಾಗಿತ್ತು?"

"ನಿನಗೆ ಕೇಳೋಕೆ ಏನಾಗಿತ್ತು?"

ಅಲ್ಲಿಗೆ ಮಾತು ನಿಂತಿತು. ನಿಂತದ್ದು ನಿಂತೇ ಹೋಯಿತು. ಆಮೇಲೆ ಕೆಂಡ್ರಾ ಶುಕ್ರವಾರಗಳಲ್ಲಿ ಬೇಗದ ಆರಕ್ಕೆ ಬಂದು ಮಗುವನ್ನು ಇಳಿಸಿ ಹೊರಟುಬಿಡುತ್ತಿದ್ದಳು. ವೆಂಡೆಲ್ ನಿಧಾನದ ಆರಕ್ಕೆ ಬಂದು ಹತ್ತಿಸಿಕೊಂಡು ಹೋಗುತ್ತಿದ್ದ. ಭಾನುವಾರ ಕೆಂಡ್ರಾ ಮತ್ತೆ ತನ್ನ ಆರಕ್ಕೆ ಬಂದು, ಅವನ ಆರಾಗುವ ತನಕ ರಸ್ತೆಯಲ್ಲಿ ಕಾರೊಳಗೆ ಕೂತು ಹಲ್ಲು ಕಡಿಯುತ್ತಿದ್ದಳು. ಒಳಗೆ ಬಾರೇ ಎಂದರೆ ಬರುತ್ತಿರಲಿಲ್ಲ. ಕಾದದ್ದು ಎಲ್ಲರಿಗೂ ಕಾಣಲಿ ಎಂಬ ಹಟ. ಐಡೆಲ್ಲಾ ತಟ್ಟೆಯಲ್ಲಿ ಜೋಳದ ರೊಟ್ಟಿಯನ್ನೋ ಕೋಳಿಯನ್ನೋ ಇಟ್ಟುಕೊಂಡು ಹೋಗಿ ಕಿಟಕಿಯಲ್ಲಿ ಕೊಟ್ಟು, ಅಲ್ಲೇ ಕಾರಿಗೆ ಒರಗಿ ನಿಂತು ವಿಚಾರಣೆ ಶುರುಮಾಡುತ್ತಿದ್ದಳು. "ಆ ಶೂ ಎಷ್ಟಕ್ಕೆ ತಗೊಂಡೆ? ಆಸ್ಪತ್ರೇಲಿ ರಾತ್ರಿ ಪಾಳಿಯವರಿಗೆ ನಿದ್ದೆ ಬಂದ್ರೆ ಏನ್ಮಾಡ್ತಾರೆ? ಲಗ್ರೇಂಜಲ್ಲಿ ಮೊಟ್ಟೆ ರೇಟು ಇಷ್ಟೇನಾ?" ಕೆಂಡ್ರಾ ಸಿಡುಕುತ್ತಲೇ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದಳು. ತಟ್ಟೆ ವಾಪಸು ಬರುವಾಗ ಒರೆಸಿದಂತಿರುತ್ತಿತ್ತು.

ಈಗ ಶುಕ್ರವಾರದ ಆ ಒಂದು ಗಂಟೆಯ ವಿಷಯಕ್ಕೆ ಬರೋಣ. ಅಮ್ಮನ ಆರಕ್ಕೂ ಅಪ್ಪನ ಆರಕ್ಕೂ ನಡುವೆ ಜೋಸ್ಲಿನ್ ಇಬ್ಬರಿಗೂ ಸೇರಿದವಳಲ್ಲ. ಕಾನೂನಿಗೆ ಗೊತ್ತೇ ಇಲ್ಲದ ಆ ಗಂಟೆಯಲ್ಲಿ ಅವಳು ಅಜ್ಜಿಯ ಸೊತ್ತು. ಒಂಬತ್ತು ವರ್ಷದ ಹುಡುಗಿ, ರೂಪದಲ್ಲಿ ಅಮ್ಮ, ನಡಿಗೆಯಲ್ಲಿ ಅಪ್ಪ, ನಾಲಿಗೆಯಲ್ಲಿ ಮಾತ್ರ ಅಪ್ಪಟ ಐಡೆಲ್ಲಾ. ಅಜ್ಜಿ ಮೊಮ್ಮಗಳು ಹಿತ್ತಲಲ್ಲಿ ಒಂದು ಕಡೆ ಸಕ್ಕರೆ, ಒಂದು ಕಡೆ ಕಾಕಂಬಿ ಇಟ್ಟು ಇರುವೆ ಯಾವುದಕ್ಕೆ ಮೊದಲು ಬರುತ್ತದೆ ಎಂದು ಹೊಟ್ಟೆ ಅಡಿಯಾಗಿ ಮಲಗಿ ನೋಡುತ್ತಿದ್ದರು. ಕೆಲವು ಸಲ ಬೀದಿ ಕೊನೆಗೆ ನಡೆದು ಹೋಗಿ, ಎರಡು ರಾಜ್ಯಗಳ ಗಡಿ ಹಾಯುವಲ್ಲಿ ನಿಲ್ಲುತ್ತಿದ್ದರು.

"ಅಜ್ಜಿ, ಈ ಕಾಲು ಜಾರ್ಜಿಯಾ, ಈ ಕಾಲು ಅಲಬಾಮಾ. ಈಗ ನಾನು ಯಾರೋಳು?"

"ಯಾವ ಕಾಲಿನ ಮೇಲೆ ಭಾರ ಬಿಟ್ಟಿದ್ದೀಯೋ ಅವರೋಳು."

ಹುಡುಗಿ ಯೋಚನೆ ಮಾಡಿ ಎರಡೂ ಕಾಲಿನಲ್ಲಿ ಒಟ್ಟಿಗೆ ಹಾರಿದಳು. "ಈಗ?"

"ಈಗ ಯಾರೋಳೂ ಅಲ್ಲ. ಬೇಗ ಇಳಿ, ಮೊಣಕಾಲು ಒಡಕೊಂಡೀಯ."

ಇನ್ನೊಂದು ಸಲ ಅವಳು, ಅಪ್ಪನ ಕಾರು ಹತ್ತಿ ನಿಧಾನದ ಗಂಟೆಗೆ ಹೋದರೆ ತನಗೆ ಒಂದು ಗಂಟೆ ವಯಸ್ಸು ಕಮ್ಮಿಯಾಗುತ್ತದೆಯೇ ಎಂದು ಕೇಳಿದ್ದಳು. ಅದನ್ನೇ ಹಿಡಿದು ಐಡೆಲ್ಲಾ ಮುಂದಿನ ಭಾನುವಾರ ಪಾದ್ರಿಯ ತಲೆ ತಿಂದಳು.

ಆ ವಾರದ ಕೊನೆ ಪೂರ್ತಿ ವೆಂಡೆಲ್‌ನದು, ಅವನು ಮಗಳನ್ನು ಮಾಂಟ್‌ಗಮರಿಗೆ ಕರೆದೊಯ್ಯುತ್ತಿದ್ದ. ಉಳಿದ ದಿನಗಳೆಲ್ಲ ಕೆಂಡ್ರಾಳವು. ಅಜ್ಜಿಗೆ ಕೋರ್ಟು ಕೊಟ್ಟದ್ದು ಬಾಗಿಲಷ್ಟೇ, ಮಗುವನ್ನು ಈ ಕೈಯಿಂದ ಆ ಕೈಗೆ ದಾಟಿಸುವ ಜಾಗ. ಇಬ್ಬರೂ ಒಂದೇ ಹೊತ್ತಿಗೆ ಬಂದುಬಿಟ್ಟರೆ ಮಗು ಒಂದು ಕಾರಿನಿಂದ ಇಳಿದು ಇನ್ನೊಂದು ಕಾರು ಹತ್ತುತ್ತದೆ, ಅಜ್ಜಿ ಮೆಟ್ಟಿಲ ಮೇಲೆ ನಿಂತು ಟಾಟಾ ಮಾಡಬೇಕು. ಇದು ಐಡೆಲ್ಲಾಳಿಗೆ ಬಹಳ ಬೇಗ ಅರ್ಥವಾಗಿತ್ತು.

ಅದಕ್ಕೇ, ವೆಂಡೆಲ್ ಒಂದು ಶುಕ್ರವಾರ ಸ್ವಲ್ಪ ತಣ್ಣಗಾಗಿ, "ಅಮ್ಮಾ, ನಾನು ಹೇಳಿದ್ರೆ ಜಗಳ ಆಗುತ್ತೆ. ನೀನೇ ಅವಳಿಗೆ ಒಂದು ಮಾತು ಹೇಳು. ಬೇಗದ ಏಳಕ್ಕೆ ಬರಲಿ, ಶುಕ್ರವಾರಾನೂ ಭಾನುವಾರಾನೂ. ಕಾಯೋದು ತಪ್ಪುತ್ತೆ" ಎಂದಾಗ, "ಆಗಲಿ, ಹೇಳ್ತೀನಿ" ಎಂದಳು.

ಹೇಳಲಿಲ್ಲ. ಭಾನುವಾರ ತಟ್ಟೆ ಹಿಡಿದು ಕಾರಿನ ಹತ್ತಿರ ಹೋದಾಗ ಮಾತು ನಾಲಿಗೆ ತುದಿಗೆ ಬಂದಿತ್ತು. ಅದರ ಬದಲು, "ನಿಮ್ಮ ಬೀದೀಲಿ ಕಸದ ಗಾಡಿ ಯಾವ ದಿನ ಬರುತ್ತೆ?" ಎಂದು ಕೇಳಿದಳು. ಅದಾದ ಮುಂದಿನ ಸಲವೂ ಹೇಳಲಿಲ್ಲ. ಹೇಳದೆ ಉಳಿದ ಮಾತು ದಿನ ಕಳೆದ ಹಾಗೆ ಹೇಳಲಾಗದ ಮಾತಾಗಿಬಿಡುತ್ತದೆ, ಅದರ ಸಂಕಟ ಗೊತ್ತಿದ್ದವರಿಗೆ ಗೊತ್ತು. ಐಡೆಲ್ಲಾ ಕೆಟ್ಟವಳಲ್ಲ. ಆದರೆ ಮೊಮ್ಮಗಳ ಒಂದು ಗಂಟೆಗಾಗಿ ಸೊಸೆಯಾಗಿದ್ದವಳನ್ನು ರಸ್ತೆಯಲ್ಲಿ ಕೂರಿಸಿದ್ದು ಒಳ್ಳೆಯ ಕೆಲಸವೂ ಅಲ್ಲ.

ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಕೆಂಡ್ರಾಳಿಗೆ ಸಾಕಾಗಿ, ಏರ್ಪಾಡು ಬದಲಿಸಿ ಎಂದು ಲಗ್ರೇಂಜಿನಲ್ಲಿ ಕೋರ್ಟಿಗೆ ಹೋದಳು. ಅಲ್ಲಿ ಅವಳಿಗೆ, ಮಗು ಇಲ್ಲೇ ಮಲಗಿದರೂ, ಇಲ್ಲೇ ಶಾಲೆಗೆ ಹೋದರೂ, ಮೊದಲ ತೀರ್ಪು ಕೊಟ್ಟದ್ದು ಅಲಬಾಮಾ, ತಂದೆ ಇನ್ನೂ ಅಲ್ಲೇ ಇದ್ದಾನೆ, ಅವನು ಅಲ್ಲಿರುವ ತನಕ ಅದನ್ನು ಬದಲಿಸಬೇಕಾದವರೂ ಅವರೇ ಎಂದರು. ಅವಳು ಮುಖ ಕೆಂಪಗೆ ಮಾಡಿಕೊಂಡು ಅಲಬಾಮಾದ ವಕೀಲನೊಬ್ಬನನ್ನು ಹಿಡಿದಳು.

ಈ ಸುದ್ದಿ ಕೇಳಿ ಐಡೆಲ್ಲಾಳಿಗೆ ಮೊದಲು ಬಂದದ್ದು ಭಯವಲ್ಲ, ಕುತೂಹಲ. ಮಗು ಒಂದು ರಾಜ್ಯದಲ್ಲಿ ಬೆಳೆಯುತ್ತಿದ್ದರೆ ಅದರ ಹಣೆಬರಹ ಇನ್ನೊಂದು ರಾಜ್ಯದ ಬೀರುವಿನಲ್ಲಿ ಇರುವುದು ಹೇಗೆ? ವೆಂಡೆಲ್ ನಾಳೆ ಟೆಕ್ಸಸ್ಸಿಗೆ ಹೋದರೆ ಆ ಹಣೆಬರಹವೂ ಲಾರಿ ಹತ್ತಿ ಹೋಗುತ್ತದೋ, ಇಲ್ಲ ಜಾರ್ಜಿಯಾಕ್ಕೆ ಬರುತ್ತದೋ? ತರಕಾರಿ ಅಂಗಡಿಯಲ್ಲಿ ಸಿಕ್ಕ ನಿವೃತ್ತ ಗುಮಾಸ್ತನೊಬ್ಬನನ್ನು ಈರುಳ್ಳಿ ಬುಟ್ಟಿಗೆ ಒತ್ತರಿಸಿ ನಿಲ್ಲಿಸಿ, ಅವನಿಗೆ ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಹೇಳಿಸಿದಳು.

ಭಯ ಬಂದದ್ದು ಆ ಶನಿವಾರ ವೆಂಡೆಲ್ ಒಬ್ಬನೇ ಬಂದು ಅಡುಗೆಮನೆಯಲ್ಲಿ ಕೂತಾಗ.

"ಪ್ರತಿ ಸಲಾನೂ ಒಂದು ಗಂಟೆ ಲೇಟಂತೆ ನಾನು. ಮಗು ಮೇಲೆ ಲಕ್ಷ್ಯ ಇಲ್ವಂತೆ. ಇನ್ಮೇಲೆ ತಿಂಗಳಿಗೆ ಒಂದೇ ಸಲ ಕೊಡಿ ಅಂತ ಕೇಳಿದ್ದಾಳೆ. ಅದೂ ಇಲ್ಲಿ ಅಲ್ಲ, ಜಾರ್ಜಿಯಾದಲ್ಲಿ ಪೊಲೀಸ್ ಸ್ಟೇಷನ್ ಮುಂದೆ, ಕಾರು ನಿಲ್ಲಿಸೋ ಜಾಗದಲ್ಲಿ." ಅವನು ದೊಡ್ಡ ಆಳು, ಬಸ್ಸಿನ ಗಾಲಿ ಒಬ್ಬನೇ ಎತ್ತುವವನು. ಟವೆಲಿನಿಂದ ಮುಖ ಒರೆಸಿಕೊಂಡ. "ತಿಂಗಳಿಗೆ ಒಂದು ಸಲ ಅಂದ್ರೆ ಮಗು ನನ್ನ ಮರೆತೇ ಬಿಡುತ್ತೆ ಅಮ್ಮಾ."

ಐಡೆಲ್ಲಾ ಒಲೆಯ ಮೇಲಿನ ಸೊಪ್ಪು ತಿರುವುತ್ತಿದ್ದಳು.

"ನೀನು ಹೇಳಿದ್ದೆ ತಾನೇ ಅವಳಿಗೆ, ಏಳಕ್ಕೆ ಬಾ ಅಂತ?"

ಸೊಪ್ಪಿಗೆ ಅಷ್ಟು ತಿರುವುವ ಅಗತ್ಯವಿರಲಿಲ್ಲ.

"ಹೇಳಿದ್ರೂ ಹಟ ಬಿಡಲಿಲ್ಲ ನೋಡು! ಜಡ್ಜ್ ಮುಂದೆ ಇದನ್ನೇ ಹೇಳ್ತೀನಿ. ನನ್ನ ಅಮ್ಮನ ಕೈಲಿ ಹೇಳಿಕಳಿಸಿದ್ದೆ, ಆದ್ರೂ ಬೇಕಂತಲೇ ಕಾದು ಕೂತಿದ್ಲು ಅಂತ."

ಆಗಲಾದರೂ ಬಾಯಿ ಬಿಡಬಹುದಿತ್ತು. ಮಗನ ಮುಖದಲ್ಲಿ ಮೊದಲ ಸಲ ಒಂದಿಷ್ಟು ಧೈರ್ಯ ಕಂಡಿತ್ತು, ಅದನ್ನು ಕಿತ್ತುಕೊಳ್ಳಲು ಅವಳಿಂದ ಆಗಲಿಲ್ಲ. "ಊಟ ಮಾಡು" ಎಂದಳು. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಸುಮ್ಮನಿದ್ದರೆ ಕೋರ್ಟಿನಲ್ಲಿ ಕೆಂಡ್ರಾ ನಿಜ ಹೇಳಿ ಸುಳ್ಳಿಯಾಗುತ್ತಾಳೆ, ಇಲ್ಲವೇ ವೆಂಡೆಲ್ ನಿಜ ಹೇಳಿ ಸುಳ್ಳನಾಗುತ್ತಾನೆ. ಬಾಯಿ ಬಿಟ್ಟರೆ ಮೊಮ್ಮಗಳ ಗಂಟೆ ಹೋಗುತ್ತದೆ. ಎಲ್ಲರನ್ನೂ ಎಲ್ಲವನ್ನೂ ಕೇಳಿದವಳಿಗೆ ಇದನ್ನು ಮಾತ್ರ ಯಾರನ್ನು ಕೇಳುವುದೋ ತಿಳಿಯಲಿಲ್ಲ.

ವಿಚಾರಣೆಯ ದಿನ ಚರ್ಚಿಗೆ ಹಾಕುವ ನೀಲಿ ಟೊಪ್ಪಿ ಹಾಕಿಕೊಂಡು ಹೋದಳು. ಅಲ್ಲೂ ಬಾಯಿ ಸುಮ್ಮನಿರಲಿಲ್ಲ. ಬಾಗಿಲಲ್ಲಿದ್ದ ಪೇದೆಯನ್ನು, ಆ ಕರಿ ನಿಲುವಂಗಿಯನ್ನು ಜಡ್ಜ್ ಮನೆಯಲ್ಲೇ ಒಗೆಯುತ್ತಾರೋ ಅಂಗಡಿಗೆ ಕೊಡುತ್ತಾರೋ ಎಂದು ಕೇಳಿದಳು. ಅವನು, "ಮಿಸ್ ಐಡೆಲ್ಲಾ, ದಮ್ಮಯ್ಯ, ಇವತ್ತೊಂದು ದಿನ ಸುಮ್ಮನೆ ಕೂತ್ಕೊಳ್ಳಿ" ಎಂದ. ಅವನೂ ನಮ್ಮ ಕಡೆಯವನೇ, ನಮ್ಮಲ್ಲಿ ಹಿರಿಯ ಹೆಂಗಸರೆಲ್ಲ ಮಿಸ್.

ನ್ಯಾಯಾಧೀಶೆ ದಪ್ಪ ಕನ್ನಡಕದ, ಹೆಚ್ಚು ಮಾತಿಲ್ಲದ ಹೆಂಗಸು. ವೆಂಡೆಲ್ ತನ್ನ ಮಾತು ಹೇಳಿದ. ಕೆಂಡ್ರಾ ಕುರ್ಚಿಯಿಂದ ಎದ್ದೇಬಿಟ್ಟಳು. "ಸುಳ್ಳು! ನನಗೆ ಯಾರೂ ಏನೂ ಹೇಳಲಿಲ್ಲ. ಒಂದೇ ಒಂದು ಮಾತು ಬಂದಿದ್ರೆ ನಾನು ಏಳಕ್ಕೇ ಬರ್ತಿದ್ದೆ. ಆ ಕಾರಲ್ಲಿ ಕೂತು ಬೆವರೋಕೆ ನನಗೇನು ಹುಚ್ಚಾ?"

"ನನ್ನ ಅಮ್ಮನ್ನೇ ಕೇಳಿ!" ಎಂದ ವೆಂಡೆಲ್.

ನ್ಯಾಯಾಧೀಶೆ ಕೇಳಿದರು. ಐಡೆಲ್ಲಾ ಎದ್ದು ಪ್ರಮಾಣ ಮಾಡಿ ನಿಂತಳು. ಮಗನ ಮುಖ ನೋಡಲಿಲ್ಲ.

"ಅವನು ಹೇಳಿಕಳಿಸಿದ್ದು ನಿಜ. ಅವಳಿಗೆ ಗೊತ್ತಿಲ್ಲದೆ ಇದ್ದದ್ದೂ ನಿಜ. ನಡುವೆ ಮಾತು ನನ್ನ ಹತ್ರ ಉಳಕೊಂಡಿತು."

"ಮರೆತು ಹೋಯಿತೇ?"

"ಇಲ್ಲ ತಾಯಿ. ನನಗೆ ಮರೆವಿಲ್ಲ. ಇಬ್ಬರೂ ಒಟ್ಟಿಗೆ ಬಂದ್ರೆ ಮಗು ನನ್ನ ಮೆಟ್ಟಿಲೂ ಹತ್ತದೆ ಹೋಗುತ್ತೆ. ಇವರಿಬ್ಬರ ಆರು ಗಂಟೆ ನಡುವೆ ನನಗೊಂದು ಗಂಟೆ ಸಿಗ್ತಿತ್ತು. ಅದನ್ನ ಬಿಡೋಕೆ ಮನಸ್ಸಾಗಲಿಲ್ಲ."

ವೆಂಡೆಲ್‌ನ ಬಾಯಿ ಅರ್ಧ ತೆರೆದಿತ್ತು. ನ್ಯಾಯಾಧೀಶೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅಪ್ಪ ಅಮ್ಮ ಇಬ್ಬರ ಕಡೆ ನೋಡಿದರು.

"ನೀವಿಬ್ಬರೂ ಬೆಳೆದದ್ದು ಇಲ್ಲೇ. ಈ ಜಿಲ್ಲೆಯಲ್ಲಿ ಕ್ಷೌರಕ್ಕೆ ಹೋಗೋನೂ ಯಾವ ಗಂಟೆ ಅಂತ ಕೇಳಿಕೊಂಡು ಹೋಗ್ತಾನೆ. ಮಗುವಿನ ವಿಷಯಕ್ಕೆ ಕೇಳೋಕೆ ನಿಮಗೆ ಬಾಯಿ ಬರಲಿಲ್ವಾ?"

ವಾರ ಬಿಟ್ಟು ವಾರ ಎಂಬುದು ಬದಲಾಗುವುದಿಲ್ಲ, ತಂದೆಯಿಂದ ಮಗುವನ್ನು ದೂರ ಮಾಡುವಂಥದ್ದು ಇದರಲ್ಲಿ ಏನೂ ಕಾಣುತ್ತಿಲ್ಲ ಎಂದರು ನ್ಯಾಯಾಧೀಶೆ. ಎಲ್ಲಿ, ಯಾವ ಗಂಟೆಗೆ ಎಂಬುದನ್ನು ಮಾತ್ರ ಹೊರಗೆ ಹೋಗಿ ನೀವೇ ಮಾತಾಡಿಕೊಂಡು ಬನ್ನಿ, ಮಧ್ಯಾಹ್ನ ಬರೆಸುತ್ತೇನೆ ಎಂದರು.

ಹೊರಗೆ ಉದ್ದನೆಯ ಪಡಸಾಲೆ. ವೆಂಡೆಲ್ ಅಮ್ಮನನ್ನು ದಾಟಿ ಮುಂದೆ ಹೋಗಿ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತ. ಕೆಂಡ್ರಾ ಐಡೆಲ್ಲಾ ಹೋಗಿ ಕೂತ ಬೆಂಚಿನ ಎದುರು ಬಂದು ನಿಂತಳು.

"ಜುಲೈ ಬಿಸಿಲಲ್ಲಿ ಆ ಕಾರೊಳಗೆ ಕೂತಿದ್ದೆ ನಾನು. ನೀವು ತಟ್ಟೆ ತಂದುಕೊಟ್ಟು, ಮೂಳೆ ನೋಡ್ಕೊಂಡು ತಿನ್ನು ಅಂದ್ರಿ. ಎಷ್ಟು ಒಳ್ಳೆ ಹೆಂಗಸು ಅಂದ್ಕೊಂಡೆ. ಇಂಥ ಅತ್ತೇನ ಕಳಕೊಂಡ್ನಲ್ಲ ಅಂತ ಮನೆಗೆ ಹೋಗಿ ಅತ್ತಿದ್ದೂ ಉಂಟು!"

"ಬೈಯಿ. ಬೈಸಿಕೊಳ್ಳೋ ಕೆಲಸಾನೇ ಮಾಡಿದ್ದೀನಿ."

"ಬೈಯೋದಿರಲಿ. ನನ್ನ ಶೂ ರೇಟು ಕೇಳಿದ್ರಿ, ನಮ್ಮ ಬೀದಿ ಕಸದ ಗಾಡಿ ಕೇಳಿದ್ರಿ. ಒಂದು ಗಂಟೆ ಮಗೂನ ನನ್ನ ಹತ್ರ ಬಿಡೇ ಅಂತ ಕೇಳೋಕೆ ಏನಾಗಿತ್ತು ನಿಮಗೆ?"

ಐಡೆಲ್ಲಾ ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಅದೆಲ್ಲ ಕೇಳೋದು ಸುಲಭ ಕಣಮ್ಮಾ. ಉತ್ತರ ಸಿಕ್ಕದಿದ್ರೂ ನನ್ನ ಗಂಟು ಏನೂ ಹೋಗಲ್ಲ. ಇದನ್ನ ಕೇಳಿ ನೀನು ಇಲ್ಲ ಅಂದುಬಿಟ್ಟಿದ್ರೆ? ನೀನೀಗ ನನ್ನ ಸೊಸೆ ಅಲ್ಲ. ಯಾವ ಮುಖ ಇಟ್ಕೊಂಡು ಕೇಳಲಿ? ಕೇಳದೆ ಇದ್ರೆ ಸಿಗ್ತಾನೇ ಇತ್ತು."

ಕೆಂಡ್ರಾ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ವೆಂಡೆಲ್ ಕಿಟಕಿಯಿಂದ ತಿರುಗಿ ನೋಡಿದ, ಹತ್ತಿರ ಬರಲಿಲ್ಲ.

ಐಡೆಲ್ಲಾ ಬೆಂಚಿನ ಮೇಲೆ ಕೆಂಡ್ರಾಳ ಕಡೆ ತಿರುಗಿ ಕೂತಳು. ಜಡ್ಜ್ ಮುಂದೆ ನಿಂತು ಹೇಳಿದ್ದು ಇದಕ್ಕಿಂತ ಸುಲಭವಾಗಿತ್ತು.

"ಕೆಂಡ್ರಾ, ಈಗ ಕೇಳ್ತಿದ್ದೀನಿ. ಭಾನುವಾರ ನೀವಿಬ್ಬರೂ ಒಂದೇ ಹೊತ್ತಿಗೆ ಬನ್ನಿ, ಇನ್ಮೇಲೆ ಯಾರೂ ಕಾಯೋದು ಬೇಡ. ಶುಕ್ರವಾರ ಮಾತ್ರ ಮಗೂನ ಒಂದು ಗಂಟೆ ಮುಂಚೆ ನನ್ನ ಹತ್ರ ಬಿಡ್ತೀಯಾ? ಇಲ್ಲ ಅಂದ್ರೂ ನಾನು ಏನೂ ಅನ್ಕೊಳ್ಳಲ್ಲ." ಕೊನೆಯದು ಸುಳ್ಳು, ಅದು ಇಬ್ಬರಿಗೂ ಗೊತ್ತಿತ್ತು.

ಕೆಂಡ್ರಾ ಕೈಚೀಲವನ್ನು ಮಡಿಲಿಂದ ತೆಗೆದು ಬೆಂಚಿನ ಮೇಲಿಟ್ಟಳು.

"ಊಟ ಹಾಕದೆ ಕರ್ಕೊಂಡು ಬರ್ತೀನಿ" ಎಂದಳು. "ಅವಳಿಗೆ ನೀವೇ ಹಾಕಿ. ಆದ್ರೆ ದಯವಿಟ್ಟು ಆ ಕರಿದ ಬೆಂಡೆಕಾಯಿ ಮಾತ್ರ ಬೇಡ. ಅವಳಿಗೆ ಕಂಡ್ರೇ ಆಗಲ್ಲ."

"ಏನಂದೆ? ನಮ್ಮನೇಲಿ ಎರಡೆರಡು ಸಲ ಹಾಕಿಸ್ಕೊಂಡು ತಿಂತಾಳಲ್ಲ!"

"ನಿಮಗೆ ಬೇಜಾರಾಗುತ್ತೆ ಅಂತ ತಿಂತಾಳೆ. ಮನೆಗೆ ಬಂದು ನನ್ನ ಹತ್ರ ಗೋಳು ಹುಯ್ಕೋತಾಳೆ."

ಮಗು ಬರುವ ಪ್ರತಿ ಶುಕ್ರವಾರ ಐಡೆಲ್ಲಾ ಮಧ್ಯಾಹ್ನ ಬಾಣಲೆ ಮುಂದೆ ನಿಂತು, ಒಂದೊಂದೇ ಹೋಳು ಹಿಟ್ಟಿನಲ್ಲಿ ಹೊರಳಿಸಿ ಕರಿದಿದ್ದಳು. ಆ ಪುಟ್ಟ ಮಗು ಅಜ್ಜಿಯ ಮುಖ ನೋಡುತ್ತ ಅದನ್ನೆಲ್ಲ ನುಂಗಿತ್ತು, ಒಂದು ಮಾತೂ ಆಡದೆ.

"ಹಾಗಾದ್ರೆ ಅವಳಿಗೆ ಏನು ಇಷ್ಟ?"

ಕೆಂಡ್ರಾ ಎದ್ದು, ಕೈಚೀಲ ಹೆಗಲಿಗೆ ಹಾಕಿಕೊಂಡು, ಕಿಟಕಿಯ ಹತ್ತಿರ ನಿಂತಿದ್ದ ವೆಂಡೆಲ್‌ನ ಕಡೆ ಹೆಜ್ಜೆ ಹಾಕಿದಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಅದನ್ನ ಅವಳನ್ನೇ ಕೇಳಿ, ಅತ್ತೆ."